ಮಾತ್ರೆ ಎಣಿಸುವ ಪ್ರೋಗ್ರಾಂ: ಈ ಸಲ ಪೂರ್ತಿ ಲಿಂಕರ್ ಕೆಲಸ

ಪದ್ಯದ ಸಾಲು ಕೊಟ್ಟರೆ ಲಘು, ಗುರು ಗುರುತಿಸಿ ಮಾತ್ರೆ ಲೆಕ್ಕ ಹೇಳುವ ಪ್ರೋಗ್ರಾಂ ಒಂದನ್ನು ಸಿ ಭಾಷೆಯಲ್ಲಿ ಬರೆಯುತ್ತಿದ್ದೇನೆ. ಇಷ್ಟು ದಿನ ಎಲ್ಲವೂ ಒಂದೇ ಫೈಲ್‌ನಲ್ಲಿತ್ತು. ಈಗ ಅದನ್ನು ನಾಲ್ಕಾಗಿ ಒಡೆದಿದ್ದೇನೆ: ಬೈಟ್ ಓದುವ ಓದು.ಸಿ, ಅಕ್ಷರ ಬಿಡಿಸುವ ಅಕ್ಷರ.ಸಿ, ಲೆಕ್ಕ ಹಾಕುವ ಮಾತ್ರೆ.ಸಿ, ಎಲ್ಲವನ್ನೂ ಕರೆಯುವ ಮೇನ್.ಸಿ.

ಒಡೆಯಲೇಬೇಕಿತ್ತು. 'ಕನ್ನಡ' ಅನ್ನುವ ಪದವನ್ನೇ ನೋಡಿ. ಅಕ್ಷರಗಳನ್ನು ಬೈಟ್‌ಗಳಾಗಿ ಇಡುವ ಯುಟಿಎಫ್-8 ವಿಧಾನದಲ್ಲಿ ಅದು 15 ಬೈಟ್. ಪ್ರತಿ ಲಿಪಿಚಿಹ್ನೆಗೂ ಕೋಡ್‌ಪಾಯಿಂಟ್ ಅನ್ನುವ ಸಂಖ್ಯೆ ಕೊಡುವ ಯುನಿಕೋಡ್ ಪ್ರಕಾರ ಕ, ನ, ಒತ್ತಕ್ಷರ ಮಾಡುವ ವಿರಾಮ (್), ನ, ಡ ಅಂತ 5 ಕೋಡ್‌ಪಾಯಿಂಟ್. ಓದುವವರಿಗೆ 3 ಅಕ್ಷರ. ಛಂದಸ್ಸಿಗೆ 4 ಮಾತ್ರೆ, ಯಾಕಂದ್ರೆ ಒತ್ತಕ್ಷರದ ಹಿಂದಿರುವ 'ಕ' ಗುರುವಾಗುತ್ತದೆ. ಈ ಲೆಕ್ಕಗಳೆಲ್ಲ ಒಂದೇ ಫೈಲ್‌ನಲ್ಲಿ ಕಲಸಿಕೊಂಡಿದ್ದರೆ ತಪ್ಪು ಎಲ್ಲಿದೆ ಅಂತ ಹುಡುಕುವುದು ಕಷ್ಟ.

ಒಡೆದ ಮೇಲೆ ಮೊದಲು ಬಂದಿದ್ದು 'ಅನ್‌ಡಿಫೈನ್ಡ್ ರೆಫರೆನ್ಸ್ ಟು ಮಾತ್ರೆ_ಲೆಕ್ಕ', ಅಂದರೆ ಆ ಹೆಸರಿನ ಫಂಕ್ಷನ್ ಸಿಗುತ್ತಿಲ್ಲ ಅನ್ನುವ ಎರರ್. ಇಂಥ ಸಂದೇಶ ಬಂದಾಗ ನಾನು ಮೊದಲು ಕೊನೆಯ ಸಾಲು ನೋಡುತ್ತೇನೆ. 'ಎಲ್‌ಡಿ ರಿಟರ್ನ್ಡ್ 1 ಎಕ್ಸಿಟ್ ಸ್ಟೇಟಸ್' ಅಂತಿದ್ದರೆ ಪ್ರತಿ ಸಿ ಫೈಲನ್ನೂ ಯಂತ್ರದ ಭಾಷೆಯ ಆಬ್ಜೆಕ್ಟ್ ಫೈಲ್ ಮಾಡುವ ಕಂಪೈಲರ್ ತನ್ನ ಕೆಲಸ ಮುಗಿಸಿದೆ, ತೊಂದರೆ ಆ ಫೈಲ್‌ಗಳನ್ನು ಜೋಡಿಸಿ ಒಂದು ಪ್ರೋಗ್ರಾಂ ಮಾಡುವ ಎಲ್‌ಡಿ ಅನ್ನುವ ಲಿಂಕರ್‌ದು. ಆಮೇಲೆ ಸಿ ಫೈಲ್ ತೆರೆದು ಸುಮ್ನೆ ದಿಟ್ಟಿಸುವುದರಲ್ಲಿ ಅರ್ಥವಿಲ್ಲ. ಲಿಂಕರ್ ನಮ್ಮ ಕೋಡ್ ಓದುವುದೇ ಇಲ್ಲ, ಹೆಡರ್ (ಹಲವು ಸಿ ಫೈಲ್‌ಗಳು ತಮ್ಮೊಳಗೆ ಸೇರಿಸಿಕೊಳ್ಳುವ ಘೋಷಣೆಗಳ ಫೈಲ್) ಅಂದರೆ ಏನು ಅಂತಲೂ ಅದಕ್ಕೆ ಗೊತ್ತಿಲ್ಲ. ಅದು ನೋಡುವುದು ಆಬ್ಜೆಕ್ಟ್ ಫೈಲ್‌ಗಳಲ್ಲಿರುವ ಹೆಸರುಗಳನ್ನು. ಆ ಹೆಸರುಗಳನ್ನು ನಮಗೂ ತೋರಿಸುವ ಕಮಾಂಡ್ ಎನ್‌ಎಂ. ಅದರಲ್ಲಿ ಹೆಸರಿನ ಪಕ್ಕ ದೊಡ್ಡ ಟಿ ಇದ್ದರೆ ಆ ಫಂಕ್ಷನ್ ಈ ಫೈಲ್‌ನಲ್ಲೇ ಇದೆ. ಯು ಇದ್ದರೆ ಬೇರೆ ಕಡೆಯಿಂದ ಬರಬೇಕು. ಚಿಕ್ಕ ಟಿ ಇದ್ದರೆ ಅದು ಸ್ಟ್ಯಾಟಿಕ್, ಹೊರಗಿನವರಿಗೆ ಕಾಣುವುದಿಲ್ಲ. ಮಾತ್ರೆ.ಸಿಯಿಂದ ಬಂದ ಆಬ್ಜೆಕ್ಟ್ ಫೈಲ್ ಮಾತ್ರೆ.ಓದಲ್ಲಿ ದೊಡ್ಡ ಟಿ ಸರಿಯಾಗೇ ಇತ್ತು. ಅಂದರೆ ಆ ಫೈಲ್ ಲಿಂಕರ್ ಕೈಗೇ ಹೋಗಿಲ್ಲ. ಯಾವ ಫೈಲ್‌ಗಳಿಂದ ಬಿಲ್ಡ್ ಮಾಡಬೇಕು ಅಂತ ಹೇಳುವ ಮೇಕ್‌ಫೈಲ್‌ನ ಪಟ್ಟಿಗೆ ಹೆಸರು ಸೇರಿಸಿದೆ, ಮುಗಿಯಿತು.

ಎರಡನೆಯದು ಜಾಸ್ತಿ ಸ್ವಾರಸ್ಯದ್ದು. ಕನ್ನಡದ ಯುನಿಕೋಡ್ ಬ್ಲಾಕ್‌ನಲ್ಲಿ 128 ಜಾಗಗಳಿವೆ. ಪ್ರತಿ ಜಾಗಕ್ಕೂ ಎಷ್ಟು ಮಾತ್ರೆ ಅಂತ ಹೇಳುವ 128 ಸಂಖ್ಯೆಗಳ ಅರೇ ಅಕ್ಷರ.ಎಚ್ ಹೆಡರ್‌ನಲ್ಲಿತ್ತು. ಬೆಲೆಗಳನ್ನು ಪ್ರೋಗ್ರಾಂ ಶುರುವಾದಾಗ ಅಕ್ಷರ.ಸಿಯ ಒಂದು ಫಂಕ್ಷನ್ ತುಂಬುತ್ತದೆ. ಹಳೆಯ ಲ್ಯಾಪ್‌ಟಾಪ್‌ನಲ್ಲಿ ಇದು ಚೆನ್ನಾಗಿ ಬಿಲ್ಡ್ ಆಗುತ್ತಿತ್ತು. ಹೊಸದರಲ್ಲಿ 'ಮಲ್ಟಿಪಲ್ ಡೆಫಿನಿಷನ್', ಅಂದರೆ ಒಂದೇ ಹೆಸರು ಹಲವು ಕಡೆ ಇದೆ ಅನ್ನುವ ಎರರ್. ಕೋಡ್ ಅದೇ, ಒಂದು ಅಕ್ಷರವೂ ಬದಲಾಗಿಲ್ಲ.

ವ್ಯತ್ಯಾಸ ನಾನು ಬಳಸುವ ಕಂಪೈಲರ್ ಜಿಸಿಸಿಯಲ್ಲಿ. ಬೆಲೆ ಕೊಡದೆ ಬರೆದ ಗ್ಲೋಬಲ್ ವೇರಿಯಬಲ್ ಹಲವು ಫೈಲ್‌ಗಳಲ್ಲಿ ಇದ್ದರೆ, ಹಳೆಯ ಜಿಸಿಸಿ ಅವನ್ನು 'ಕಾಮನ್' ಅಂತ ಗುರುತು ಹಾಕಿ ಬಿಡುತ್ತಿತ್ತು, ಲಿಂಕರ್ ಎಲ್ಲವನ್ನೂ ಸೇರಿಸಿ ಒಂದು ಮಾಡುತ್ತಿತ್ತು. 2020ರಲ್ಲಿ ಬಂದ ಜಿಸಿಸಿ 10ರಿಂದ ಅದು ತಾನಾಗೇ ಆಗುವುದಿಲ್ಲ. ಎನ್‌ಎಂನಲ್ಲಿ ಇದು ಕಣ್ಣಿಗೇ ಕಾಣುತ್ತದೆ: ಹಳೆಯ ಲ್ಯಾಪ್‌ಟಾಪ್‌ನಲ್ಲಿ ಆ ಅರೇ ಪಕ್ಕ ಸಿ (ಕಾಮನ್) ಅಂತಿದೆ, ಹೊಸದರಲ್ಲಿ ಹೆಡರ್ ಸೇರಿಸಿಕೊಂಡ ಎಲ್ಲ ಆಬ್ಜೆಕ್ಟ್ ಫೈಲ್‌ಗಳಲ್ಲೂ ಬಿ, ಅಂದರೆ ಪ್ರತಿಯೊಂದರಲ್ಲೂ ಅದಕ್ಕೆ ಸ್ವಂತ ಜಾಗ. ಹೆಡರ್‌ಗೆ ಇನ್‌ಕ್ಲೂಡ್ ಗಾರ್ಡ್ ಇದೆಯಲ್ವಾ ಅಂತ ಕೇಳಬಹುದು. ಗಾರ್ಡ್ ತಡೆಯುವುದು ಒಂದೇ ಸಿ ಫೈಲ್ ಒಳಗೆ ಹೆಡರ್ ಎರಡು ಸಲ ಬರುವುದನ್ನು ಮಾತ್ರ. ಪ್ರತಿ ಸಿ ಫೈಲ್ ಬೇರೆಯಾಗಿ ಕಂಪೈಲ್ ಆಗುವುದರಿಂದ ಇಲ್ಲಿ ಅದರಿಂದ ಪ್ರಯೋಜನವಿಲ್ಲ.

ಇದಕ್ಕೆ ಎರಡು ಸುಲಭದ ದಾರಿ ಕಾಣುತ್ತವೆ, ಎರಡೂ ನನಗೆ ಒಪ್ಪಿಗೆಯಿಲ್ಲ. ಎಫ್‌ಕಾಮನ್ ಫ್ಲ್ಯಾಗ್ ಹಾಕಿ ಹಳೆಯ ನಡವಳಿಕೆ ವಾಪಸ್ ತರಬಹುದು, ಆದರೆ ಆಗ ನಿಜವಾಗಿ ಎರಡು ಕಡೆ ಒಂದೇ ಹೆಸರು ಇಟ್ಟರೂ ಯಾರೂ ಎಚ್ಚರಿಸುವುದಿಲ್ಲ. ಇನ್ನೊಂದು, ಹೆಡರ್‌ನಲ್ಲಿ ಅರೇ ಹಿಂದೆ ಸ್ಟ್ಯಾಟಿಕ್ ಅಂತ ಸೇರಿಸುವುದು. ಇದು ಇನ್ನೂ ಅಪಾಯ. ಏನಾಗುತ್ತದೆ ಅಂತ ನೋಡಲೆಂದೇ ಮಾಡಿ ನೋಡಿದೆ. ಎರರ್ ಮಾಯ, ಬಿಲ್ಡ್ ಸಲೀಸು, ಆದರೆ ಯಾವ ಸಾಲು ಕೊಟ್ಟರೂ ಉತ್ತರ 0. ಪ್ರತಿ ಫೈಲ್‌ಗೂ ತನ್ನದೇ ಅರೇ ಸಿಕ್ಕಿತ್ತು. ಅಕ್ಷರ.ಸಿ ತನ್ನದನ್ನು ತುಂಬಿತು, ಮಾತ್ರೆ.ಸಿ ತನ್ನ ಖಾಲಿ ಅರೇ ಓದಿತು. ಲಿಂಕ್ ಆಗದೆ ನಿಂತ ಪ್ರೋಗ್ರಾಂ ಇದಕ್ಕಿಂತ ಎಷ್ಟೋ ಮೇಲು. ಸರಿಯಾದ ದಾರಿ ಹಳೆಯದೇ: ಹೆಡರ್‌ನಲ್ಲಿ ಎಕ್ಸ್‌ಟರ್ನ್ ಹಾಕಿ ಬರೀ ಘೋಷಣೆ, ನಿಜವಾದ ಅರೇ ಅಕ್ಷರ.ಸಿಯಲ್ಲಿ ಒಂದೇ ಕಡೆ. ಹಾಗೇ ಮಾಡಿದೆ.

ಆಮೇಲೆ ಟೆಸ್ಟ್‌ಗಳನ್ನು ಸಿ ಪ್ಲಸ್ ಪ್ಲಸ್‌ನಲ್ಲಿ ಬರೆಯೋಣ ಅಂತ ಹೊರಟೆ. ಮತ್ತೆ ಅದೇ ಮಾತ್ರೆ_ಲೆಕ್ಕ ಸಿಗುತ್ತಿಲ್ಲ, ಆದರೆ ಸಂದೇಶದಲ್ಲಿ ಒಂದು ಸಣ್ಣ ವ್ಯತ್ಯಾಸ: ಹೆಸರಿನ ಮುಂದೆ ಕಂಸದೊಳಗೆ 'ಚಾರ್ ಕಾನ್ಸ್ಟ್ ಸ್ಟಾರ್' ಅಂತ ಪ್ಯಾರಾಮೀಟರ್‌ನ ಟೈಪ್ ಕೂಡ ಇದೆ. ಸಿ ಫಂಕ್ಷನ್‌ನ ಹೆಸರಿಗೆ ಈ ಬಾಲ ಇರುವುದಿಲ್ಲ. ಎನ್‌ಎಂನಲ್ಲಿ ನೋಡಿದರೆ ಟೆಸ್ಟ್.ಓ ಕೇಳುತ್ತಿರುವುದು ಅಂಡರ್‌ಸ್ಕೋರ್, ಝಡ್, 11, ಫಂಕ್ಷನ್ ಹೆಸರು, ಕೊನೆಗೆ ಪಿಕೆಸಿ ಎಲ್ಲ ಸೇರಿದ ಉದ್ದ ಹೆಸರನ್ನು. 11 ಅಂದರೆ ಇಂಗ್ಲಿಷ್ ಲಿಪಿಯಲ್ಲಿ ಆ ಹೆಸರಿನ ಉದ್ದ, ಪಿಕೆಸಿ ಅಂದರೆ ಕಾನ್ಸ್ಟ್ ಚಾರ್‌ಗೆ ಪಾಯಿಂಟರ್. ಒಂದೇ ಹೆಸರಿನ ಹಲವು ಫಂಕ್ಷನ್‌ಗಳಿಗೆ ಸಿ ಪ್ಲಸ್ ಪ್ಲಸ್ ಅವಕಾಶ ಕೊಡುತ್ತದೆ, ಅದಕ್ಕೇ ಟೈಪ್‌ಗಳನ್ನೂ ಹೆಸರಿನೊಳಗೆ ಹೆಣೆಯುತ್ತದೆ. ಮಾತ್ರೆ.ಓ ಬಳಿ ಇರುವುದು ಬರೀ ಹೆಸರು. ಹೆಡರ್‌ನ ಘೋಷಣೆಗಳನ್ನು, ಹೆಸರನ್ನು ಹೀಗೆ ಹೆಣೆಯಬೇಡ ಅನ್ನುವ ಎಕ್ಸ್‌ಟರ್ನ್ "ಸಿ" ಒಳಗೆ ಇಟ್ಟೆ. ಸಿ ಕಂಪೈಲರ್‌ಗೆ ಅದು ಅರ್ಥವಾಗುವುದಿಲ್ಲ, ಹಾಗಾಗಿ ಅದರ ಸುತ್ತ ಸಿ ಪ್ಲಸ್ ಪ್ಲಸ್ ಇದ್ದರೆ ಮಾತ್ರ ಅನ್ನುವ ಇಫ್‌ಡೆಫ್ ಷರತ್ತು ಹಾಕಿದೆ.

ಕೊನೆಯದು ಚಿಕ್ಕದು. ಓದು, ಅಕ್ಷರ, ಮಾತ್ರೆ ಮೂರನ್ನೂ ಸೇರಿಸಿ ಒಂದು ಸ್ಟ್ಯಾಟಿಕ್ ಲೈಬ್ರರಿ (ಆಬ್ಜೆಕ್ಟ್ ಫೈಲ್‌ಗಳ ಕಟ್ಟು) ಮಾಡಿದೆ. ಕಮಾಂಡ್‌ನಲ್ಲಿ ಲೈಬ್ರರಿ ಮೊದಲು, ಮೇನ್.ಓ ಆಮೇಲೆ ಬಂದರೆ ಮತ್ತೆ ಅನ್‌ಡಿಫೈನ್ಡ್ ರೆಫರೆನ್ಸ್. ಲಿಂಕರ್ ಎಡದಿಂದ ಬಲಕ್ಕೆ ಹೋಗುತ್ತಾ, ಆ ಕ್ಷಣಕ್ಕೆ ಬೇಕಾದದ್ದನ್ನು ಮಾತ್ರ ಲೈಬ್ರರಿಯಿಂದ ಎತ್ತಿಕೊಳ್ಳುತ್ತದೆ. ಮೇನ್ ಇನ್ನೂ ಬಂದೇ ಇಲ್ಲ ಅಂದರೆ ಬೇಕಾದದ್ದು ಏನೂ ಇರುವುದಿಲ್ಲ. ಲೈಬ್ರರಿಯನ್ನು ಕೊನೆಗೆ ತಂದೆ, ಸರಿಹೋಯಿತು.

ಈಗ ಎರಡೂ ಲ್ಯಾಪ್‌ಟಾಪ್‌ಗಳಲ್ಲಿ ಒಂದೂ ಎಚ್ಚರಿಕೆಯಿಲ್ಲದೆ ಬಿಲ್ಡ್ ಆಗುತ್ತಿದೆ. ಭಾಮಿನಿ ಷಟ್ಪದಿಯ ಮೊದಲ ಸಾಲಿಗೆ 14 ಮಾತ್ರೆ ಸರಿಯಾಗಿ ಬರುತ್ತಿದೆ. ಮೂರನೇ ಸಾಲಿಗೆ 23 ಬರಬೇಕು, ಕೆಲವು ಪದ್ಯಗಳಿಗೆ 22 ತೋರಿಸುತ್ತಿದೆ. ಈ ಸಾಲಿನ ಕೊನೆಯ ಲಘುವನ್ನು ಗುರು ಅಂತ ಹಿಡಿಯುವ ನಿಯಮ ಇನ್ನೂ ಸೇರಿಸಿಲ್ಲ. ಮುಂದಿನ ಕೆಲಸ ಅದೇ, ಮಾತ್ರೆ.ಸಿಯಲ್ಲಿ.