ಬೆಳಕು ಎಲ್ಲಿಂದ ಬಿದ್ದಿದೆ? ಚಿತ್ರ ನೋಡಿ ಬೆಳ್ಳಿ ರೂಪಾಯಿಯ ಸ್ಥಿತಿ ಹೇಳುವ ಕೆಲಸ

ಹಳೆಯ ನಾಣ್ಯಗಳನ್ನು ಹರಾಜಿಗೆ ಇಡುವ ಸಂಸ್ಥೆಯೊಂದರಲ್ಲಿ, ಜನರು ಕಳುಹಿಸುವ ಚಿತ್ರಗಳನ್ನು ನೋಡಿ ನಾಣ್ಯದ ಸ್ಥಿತಿಯನ್ನು ಅಂದಾಜು ಮಾಡುವುದು ನನ್ನ ಕೆಲಸ. ಬರುವ ಚಿತ್ರಗಳಲ್ಲಿ ಬಹುಪಾಲು ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿಗಳದ್ದು, ಅದರಲ್ಲೂ ಐದನೆಯ ಜಾರ್ಜ್ ದೊರೆಯ ಮುಖವಿರುವ ರೂಪಾಯಿಗಳದ್ದು. ಈ ಕೆಲಸ ನನಗೆ ಕಲಿಸಿದ ಮುಖ್ಯ ಸಂಗತಿಯನ್ನು ಮೊದಲೇ ಹೇಳಿಬಿಡುತ್ತೇನೆ. ನಾಣ್ಯ ಎಷ್ಟು ಸವೆದಿದೆ ಎಂಬುದು ಒಂದು ಪ್ರಶ್ನೆ, ಅದರ ಮೇಲ್ಮೈ ಟಂಕಸಾಲೆಯಿಂದ ಹೊರಬಂದಂತೆಯೇ ಉಳಿದಿದೆಯೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಬಹುಮಟ್ಟಿಗೆ ಎರಡೂ ಬದಿಯ ಒಂದೊಂದು ಒಳ್ಳೆಯ ಚಿತ್ರ ಸಾಕು. ಎರಡನೆಯದಕ್ಕೆ ಒಂದೇ ಚಿತ್ರ, ಅದು ಎಷ್ಟೇ ಸ್ಪಷ್ಟವಾಗಿದ್ದರೂ, ಸಾಲದು.

ಸವೆತವನ್ನು ಓದಲು ಅಚ್ಚಿನಲ್ಲಿ ಯಾವ ಭಾಗಗಳು ಎತ್ತರವಾಗಿವೆ ಎಂಬುದು ತಿಳಿದಿರಬೇಕು. ಜಾರ್ಜ್ ರೂಪಾಯಿಯಲ್ಲಿ ನಾನು ಮೊದಲು ನೋಡುವುದು ದೊರೆಯ ಕೆನ್ನೆಯ ಮೂಳೆ, ಕಿವಿಯ ಮೇಲಿನ ಕೂದಲು, ಮೀಸೆ, ಕಿರೀಟದ ನಡುಭಾಗ ಮತ್ತು ಮೇಲಂಗಿಯ ಮೇಲಿನ ಪದಕದ ಸರ. ಆ ಸರದಲ್ಲಿ ಒಂದು ಪುಟ್ಟ ಆನೆಯಿದೆ. 1911ರ ರೂಪಾಯಿಯಲ್ಲಿ ಅದರ ಸೊಂಡಿಲು ಗಿಡ್ಡವಾಗಿ ಮೂಡಿ, ನೋಡಿದವರಿಗೆ ಹಂದಿಯಂತೆ ಕಂಡು ಆಕ್ಷೇಪ ಬಂದದ್ದರಿಂದ, 1912ರಿಂದ ಅಚ್ಚನ್ನು ತಿದ್ದಲಾಯಿತು. ಹಾಗಾಗಿ 1911ರ ನಾಣ್ಯದಲ್ಲಿ ಗಿಡ್ಡ ಸೊಂಡಿಲನ್ನು ಸವೆತವೆಂದು ತಿಳಿಯಬಾರದು. ಇಸವಿ ಹಿಂಬದಿಯಲ್ಲಿರುವುದರಿಂದ, ಮುಂಬದಿಯ ಚಿತ್ರವನ್ನಷ್ಟೇ ಕಳುಹಿಸಿದವರಿಗೆ ನಾನು ಗ್ರೇಡ್, ಅಂದರೆ ಸ್ಥಿತಿಯ ದರ್ಜೆ, ಹೇಳುವುದೇ ಇಲ್ಲ. ಆನೆಯ ಕಿವಿ, ಸೊಂಡಿಲು, ಕಾಲು ಬಿಡಿಬಿಡಿಯಾಗಿ ಕಂಡರೆ ನಾಣ್ಯ ಎಕ್ಸ್‌ಎಫ್ (ಎಕ್ಸ್‌ಟ್ರೀಮ್ಲಿ ಫೈನ್, ತೀರಾ ಕಡಿಮೆ ಸವೆದದ್ದು) ದರ್ಜೆಗೆ ಅಥವಾ ಅದಕ್ಕೂ ಮೇಲೆ ಹೋಗುವ ಸಾಧ್ಯತೆಯಿದೆ. ಆನೆ ಬರೀ ಉಬ್ಬಾಗಿ ಉಳಿದಿದ್ದು ಕಿರೀಟದ ಮಣಿಗಳು ಒಂದಕ್ಕೊಂದು ಸೇರಿಕೊಂಡಿದ್ದರೆ ವಿಎಫ್ (ವೆರಿ ಫೈನ್, ಅದಕ್ಕಿಂತ ಹೆಚ್ಚು ಸವೆದದ್ದು) ಅಥವಾ ಅದಕ್ಕಿಂತ ಕೆಳಗೆ.

ಇಲ್ಲಿಯವರೆಗೆ ಕೆಲಸ ಸುಲಭ. ಕಷ್ಟ ಶುರುವಾಗುವುದು ಕೆನ್ನೆಯ ಮೇಲೆ ಒಂದು ಚಪ್ಪಟೆ ಜಾಗ ಕಂಡಾಗ. ಅದು ಕೈಯಿಂದ ಕೈಗೆ ಓಡಾಡಿ ಸವೆದದ್ದೋ, ಅಚ್ಚೊತ್ತುವಾಗ ಬೆಳ್ಳಿ ಪೂರ್ತಿ ತುಂಬಿಕೊಳ್ಳದೆ ಉಳಿದದ್ದೋ? ಎರಡೂ ಆಕಾರದಲ್ಲಿ ಒಂದೇ ಥರ ಕಾಣುತ್ತವೆ, ಆದರೆ ಬೆಲೆಯಲ್ಲಿ ಬಹಳ ದೂರ. ಇದನ್ನು ಬಿಡಿಸಿ ಹೇಳುವುದು ಮೆರುಗು ಮಾತ್ರ. ಅಚ್ಚಿನ ಹೊಡೆತಕ್ಕೆ ಬೆಳ್ಳಿ ನಡುವಿನಿಂದ ಅಂಚಿನ ಕಡೆಗೆ ಹರಿಯುತ್ತದೆ, ಹರಿದ ಗುರುತಾಗಿ ಕಣ್ಣಿಗೆ ಕಾಣದಷ್ಟು ನವಿರಾದ ಗೆರೆಗಳು ಉಳಿಯುತ್ತವೆ, ಬೆಳಕು ಆ ಗೆರೆಗಳಿಗೆ ತಾಗಿ ಮರಳುವುದರಿಂದಲೇ ಹೊಸ ನಾಣ್ಯವನ್ನು ಓರೆ ಮಾಡಿದಾಗ ಬಂಡಿಯ ಚಕ್ರದ ಅರೆಗಳಂತೆ ಎರಡು ಬೆಳಕಿನ ಪಟ್ಟಿಗಳು ಸುತ್ತುತ್ತವೆ. ನಾಣ್ಯ ಚಲಾವಣೆಗೆ ಹೋದ ಕೂಡಲೇ ಈ ಗೆರೆಗಳು ಮೊದಲು ಅಳಿಸಿಹೋಗುವುದು ಎತ್ತರದ ಜಾಗಗಳಲ್ಲಿ. ಆದ್ದರಿಂದ ಬೆಳಕಿನ ಪಟ್ಟಿ ಕೆನ್ನೆಯ ಚಪ್ಪಟೆ ಜಾಗದ ಮೇಲೂ ಹಾದುಹೋದರೆ ಅದು ದುರ್ಬಲ ಅಚ್ಚು. ಅಲ್ಲಿಗೆ ಬಂದು ಪಟ್ಟಿ ಕಡಿದು, ಜಾಗ ಬೂದು ಬಣ್ಣಕ್ಕೆ ತಿರುಗಿದರೆ ಅದು ಸವೆತ.

ಈಚೆಗೆ ಬಂದ 1918ರ ಒಂದು ರೂಪಾಯಿಯ ಚಿತ್ರ ಇದಕ್ಕೆ ಒಳ್ಳೆಯ ಉದಾಹರಣೆ. ಮೊದಲ ಚಿತ್ರದಲ್ಲಿ ಬೆಳಕು ಎಡ ಮೇಲ್ಭಾಗದಿಂದ ಬಿದ್ದಿತ್ತು. ಒಂದು ಪಕ್ಕದ ಅಕ್ಷರಗಳು ಉಕ್ಕಿನಂತೆ ಹೊಳೆಯುತ್ತಿದ್ದವು, ಇನ್ನೊಂದು ಪಕ್ಕ ಪೂರ್ತಿ ಕಪ್ಪಾಗಿತ್ತು, ಕೆನ್ನೆ ಬೂದಾಗಿ ಕಾಣುತ್ತಿತ್ತು. ಕಳುಹಿಸಿದವರಿಗೆ, ನಾಣ್ಯವನ್ನು ಅಲ್ಲೇ ಬಿಟ್ಟು ದೀಪವನ್ನು ಮಾತ್ರ ಬಲಕ್ಕೆ ಸರಿಸಿ ಮತ್ತೊಂದು ಚಿತ್ರ ತೆಗೆಯಿರಿ, ಆಮೇಲೆ ನಾಣ್ಯವನ್ನು ನಿಧಾನವಾಗಿ ಓರೆ ಮಾಡುತ್ತ ಒಂದು ಸಣ್ಣ ವಿಡಿಯೊ ಮಾಡಿ ಎಂದೆ. ಎರಡನೆಯ ಚಿತ್ರದಲ್ಲಿ ಕೆನ್ನೆ ಬೆಳಗಿತು, ವಿಡಿಯೊದಲ್ಲಿ ಪಟ್ಟಿ ಕೆನ್ನೆಯನ್ನು ದಾಟಿ ಕಿವಿಯವರೆಗೆ ಹೋಯಿತು. ಮೊದಲ ಚಿತ್ರದ ಬೂದು ಬಣ್ಣ ಬರೀ ನೆರಳಾಗಿತ್ತು. ಇದು ಚಿಕ್ಕ ವಿಷಯವಲ್ಲ. ಮೊದಲ ಮಹಾಯುದ್ಧದ ಸಮಯದಲ್ಲಿ ಭಾರತದಲ್ಲಿ ಬೆಳ್ಳಿ ರೂಪಾಯಿಗೆ ಎಷ್ಟು ಬೇಡಿಕೆ ಇತ್ತೆಂದರೆ, 1918ರ ಪಿಟ್‌ಮನ್ ಕಾಯಿದೆಯಡಿ ಅಮೆರಿಕ ತನ್ನ ಬೆಳ್ಳಿ ಡಾಲರುಗಳನ್ನು, 25 ಕೋಟಿಗೂ ಹೆಚ್ಚು ಸಂಖ್ಯೆಯಲ್ಲಿ, ಕರಗಿಸಿ ಆ ಬೆಳ್ಳಿಯನ್ನು ಭಾರತದ ರೂಪಾಯಿಗಾಗಿ ಬ್ರಿಟನ್ನಿಗೆ ಮಾರಿತು. ಹಾಗೆ ಭಾರಿ ಸಂಖ್ಯೆಯಲ್ಲಿ ಅಚ್ಚಾದ ಆ ವರ್ಷಗಳ ರೂಪಾಯಿಗಳು ಇಂದಿಗೂ ಬೇಕಾದಷ್ಟು ಸಿಗುತ್ತವೆ. ಸವೆದ ನಾಣ್ಯಕ್ಕೆ ಬೆಳ್ಳಿಯ ಬೆಲೆಗಿಂತ ಹೆಚ್ಚೇನೂ ಬರುವುದಿಲ್ಲ. ಬೆಲೆಯನ್ನು ನಿರ್ಧರಿಸುವುದು ಸ್ಥಿತಿಯೊಂದೇ.

ಮೇಲ್ಮೈಯ ವಿಷಯಕ್ಕೆ ಬಂದರೆ, ನಮ್ಮ ಕಡೆಯ ನಾಣ್ಯಗಳಿಗೆ ಅವುಗಳದ್ದೇ ಆದ ಒಂದು ಇತಿಹಾಸವಿದೆ. ಬೆಳ್ಳಿ ರೂಪಾಯಿಗಳು ದೇವರ ಮನೆಯಲ್ಲಿದ್ದವು, ಲಕ್ಷ್ಮೀಪೂಜೆಗೆ ಹೊರಬರುತ್ತಿದ್ದವು, ಪೂಜೆಗೆ ಮುನ್ನ ಹುಣಸೆಹಣ್ಣು ಅಥವಾ ವಿಭೂತಿ ಹಾಕಿ ತಿಕ್ಕಿಸಿಕೊಳ್ಳುತ್ತಿದ್ದವು. ಹುಳಿಯಲ್ಲಿ ತೊಳೆದ ನಾಣ್ಯಕ್ಕೆ ಒಂದು ಮಂಕು ಬಿಳುಪು ಬರುತ್ತದೆ, ಆ ಬಿಳುಪಿನಲ್ಲಿ ಪಟ್ಟಿ ತಿರುಗುವುದಿಲ್ಲ. ವಿಭೂತಿಯಿಂದ ಉಜ್ಜಿದ್ದರೆ ಬಯಲಿನಂತಿರುವ ಖಾಲಿ ಭಾಗದಲ್ಲಿ ಒಂದೇ ದಿಕ್ಕಿನ ನವಿರು ಗೀರುಗಳು ಇರುತ್ತವೆ. ಅಕ್ಷರಗಳ ಸಂದಿಯಲ್ಲಿ ಬಿಳಿ ಪುಡಿ ಗಟ್ಟಿಯಾಗಿ ಕುಳಿತಿರುತ್ತದೆ, ಇಲ್ಲವೇ ಬಟ್ಟೆ ತಲುಪದ ಹಳೆಯ ಕಪ್ಪು ಅಕ್ಷರಗಳ ಸುತ್ತ ಮಾತ್ರ ಉಳಿದಿರುತ್ತದೆ. ಈ ಕಪ್ಪು ಸುತ್ತುಗೆರೆ ಯಾವ ಬೆಳಕಿನಲ್ಲೂ ಕಾಣುವುದರಿಂದ ನನಗೆ ಅದರ ಮೇಲೆ ಬಹಳ ನಂಬಿಕೆ. ಗೀರುಗಳ ಮೇಲೆ ಅಷ್ಟು ನಂಬಿಕೆಯಿಲ್ಲ, ಏಕೆಂದರೆ ಬೆಳಕು ಗೀರಿನ ದಿಕ್ಕಿನಲ್ಲೇ ಬಿದ್ದರೆ ಅವು ಮಾಯವಾಗುತ್ತವೆ, ಅಡ್ಡಲಾಗಿ ಬಿದ್ದಾಗ ಮಾತ್ರ ಎದ್ದು ಕಾಣುತ್ತವೆ. ಇದರ ಜೊತೆಗೆ ಈಗಿನ ಫೋನ್‌ಗಳ ಕ್ಯಾಮೆರಾಗಳು ನವಿರು ಗೆರೆಗಳನ್ನು ತಾವೇ ನಯಗೊಳಿಸಿ, ಅಕ್ಷರಗಳ ಅಂಚನ್ನು ತಾವೇ ಹರಿತಗೊಳಿಸುತ್ತವೆ. ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿದಾಗ ಚಿತ್ರ ಕುಗ್ಗಿ ಉಳಿದದ್ದೂ ಹೋಗುತ್ತದೆ. ಚಿತ್ರವನ್ನು ಡಾಕ್ಯುಮೆಂಟ್ ಆಗಿ ಕಳುಹಿಸಿ ಎಂದು ನಾನು ಪ್ರತಿಯೊಬ್ಬರನ್ನೂ ಕೇಳುವುದು ಇದಕ್ಕೇ.

ಇನ್ನೊಂದು ಕಡೆ, ಸಣ್ಣ ಪೆಟ್ಟುಗಳಿಗೆ ಚಿತ್ರ ಅನ್ಯಾಯ ಮಾಡುತ್ತದೆ. ಸುಮಾರು 30 ಮಿಲಿಮೀಟರ್ ಅಗಲದ ನಾಣ್ಯವನ್ನು ಕಂಪ್ಯೂಟರ್ ಪರದೆಯ ತುಂಬ ಹಿಗ್ಗಿಸಿದರೆ, ಚೀಲದಲ್ಲಿ ಬೇರೆ ನಾಣ್ಯಗಳಿಗೆ ತಾಗಿ ಆದ ಗುರುತು ದೊಡ್ಡ ಗಾಯವಾಗಿ ಕಾಣುತ್ತದೆ. ಚಿತ್ರವನ್ನು ಮೊದಲು ನಾಣ್ಯದ ನಿಜ ಅಳತೆಗೆ ಕುಗ್ಗಿಸಿ ನೋಡಿ, ಮನಸ್ಸಿನಲ್ಲಿ ಒಂದು ಗ್ರೇಡ್ ಇಟ್ಟುಕೊಂಡು, ಆಮೇಲೆ ಹಿಗ್ಗಿಸಿ ಪರೀಕ್ಷಿಸುವ ಕ್ರಮವನ್ನು ನಾನು ಬಿಡುವುದಿಲ್ಲ.

ಅಂಚಿನ ಚಿತ್ರ ಯಾರೂ ತಾವಾಗಿ ಕಳುಹಿಸುವುದಿಲ್ಲ, ಕೇಳಿಯೇ ತರಿಸಬೇಕು. ರೂಪಾಯಿಗೆ ಕುಣಿಕೆ ಬೆಸೆದು ಸರಕ್ಕೆ ಪೋಣಿಸಿಕೊಳ್ಳುವುದು ನಮ್ಮಲ್ಲಿ ವಾಡಿಕೆಯಾಗಿತ್ತು, ಲಂಬಾಣಿ ಹೆಣ್ಣುಮಕ್ಕಳ ಒಡವೆಗಳಲ್ಲಿ ಅಂಥ ನಾಣ್ಯಗಳನ್ನು ಈಗಲೂ ನೋಡಬಹುದು. ಕುಣಿಕೆ ಕಿತ್ತ ನಾಣ್ಯದ ಮುಂಬದಿ ಅಚ್ಚುಕಟ್ಟಾಗಿಯೇ ಇರಬಹುದು. ಆದರೆ ದೊರೆಯ ತಲೆಯ ನೇರಕ್ಕೆ ಅಂಚಿನ ಸುತ್ತ ಅಚ್ಚಿನಲ್ಲೇ ಮೂಡಿದ ಗೆರೆಗಳ ಸಾಲು ಕಡಿದುಹೋಗಿ, ಬೆಸುಗೆಯ ಬೆಳ್ಳಿ ಬೇರೆ ಬಣ್ಣದಲ್ಲಿ ಕಾಣುತ್ತದೆ. ಅಂಚಿನ ಜೊತೆಗೆ, ನಾಣ್ಯ ತಕ್ಕಡಿಯ ಮೇಲಿರುವ ಚಿತ್ರವನ್ನೂ ಕೇಳುತ್ತೇನೆ. 1835ರಿಂದ ಕಂಪನಿ ರೂಪಾಯಿಗೂ ಆಮೇಲಿನ ಬ್ರಿಟಿಷ್ ರೂಪಾಯಿಗೂ ತೂಕ ಒಂದೇ, 11.66 ಗ್ರಾಂ, ಅಂದರೆ ಒಂದು ತೊಲ. ಚಿತ್ರದಲ್ಲಿ ಹೊಸದರಂತೆ ಕಾಣುವ ನಾಣ್ಯ 11 ಗ್ರಾಂಗಿಂತ ಕಡಿಮೆ ತೂಗಿದರೆ ಗ್ರೇಡಿನ ಮಾತು ಅಲ್ಲಿಗೆ ನಿಂತು, ಅಸಲಿಯೋ ನಕಲಿಯೋ ಎಂಬ ಪ್ರಶ್ನೆ ಮುಂದೆ ಬರುತ್ತದೆ. ಆರನೆಯ ಜಾರ್ಜ್‌ನ 1939ರ ರೂಪಾಯಿಯಂಥ ಅಪರೂಪದ ನಾಣ್ಯವಾದರೆ, ಕೈಯಲ್ಲಿ ಹಿಡಿದು ನೋಡುವ ತನಕ ಏನನ್ನೂ ಬರೆದುಕೊಡುವುದಿಲ್ಲ.

ನನ್ನ ಟಿಪ್ಪಣಿಯನ್ನು ಈಗ ಎರಡು ಸಾಲಾಗಿ ಬರೆಯುತ್ತೇನೆ. ಮೊದಲ ಸಾಲಿನಲ್ಲಿ ಸವೆತದ ಗ್ರೇಡ್, ಅದೂ ಒಂದು ವ್ಯಾಪ್ತಿಯಾಗಿ: ಎಕ್ಸ್‌ಎಫ್ 45ರಿಂದ ಎಯು 53 (ಎಯು ಎಂದರೆ ಅಬೌಟ್ ಅನ್‌ಸರ್ಕ್ಯುಲೇಟೆಡ್, ಬಹುತೇಕ ಹೊಸದು; ಅಂಕ ಹೆಚ್ಚಿದಷ್ಟೂ ಸ್ಥಿತಿ ಉತ್ತಮ) ಎಂಬಂತೆ. ಎರಡನೆಯ ಸಾಲಿನಲ್ಲಿ ಮೇಲ್ಮೈ, ಮತ್ತು ಅದನ್ನು ಯಾವ ಬೆಳಕಿನ, ಎಷ್ಟು ಚಿತ್ರಗಳನ್ನು ನೋಡಿ ಹೇಳಿದ್ದೇನೆ ಎಂಬ ವಿವರ. ಒಂದೊಂದು ಬದಿಗೆ ಚಿತ್ರ ಒಂದೇ ಇದ್ದರೆ ಎರಡನೆಯ ಸಾಲನ್ನು ಖಾಲಿ ಬಿಡುತ್ತೇನೆ. ಮಾರುವವರು ಕೆಲವರು ಇದರಿಂದ ಬೇಸರಪಡುತ್ತಾರೆ, ಆದರೆ ನಾಣ್ಯವನ್ನು ಕಣ್ಣಾರೆ ನೋಡದೆ ದುಡ್ಡು ಕೊಡುವವರ ಹಿತವನ್ನೂ ನಾನು ಕಾಯಬೇಕು.

ಮನೆಯ ಹಳೆಯ ರೂಪಾಯಿಗಳ ಚಿತ್ರ ತೆಗೆಯಲು ಹೊರಟವರಲ್ಲಿ ನನ್ನದೊಂದು ಕೋರಿಕೆ ಇದೆ. ಚಿತ್ರ ಚೆನ್ನಾಗಿ ಬರಲೆಂದು ನಾಣ್ಯವನ್ನು ತೊಳೆಯಬೇಡಿ, ಬಟ್ಟೆಯಿಂದ ಒರೆಸಲೂ ಬೇಡಿ. ಫ್ಲ್ಯಾಶ್ ಆರಿಸಿ, ಕಿಟಕಿಯ ಬೆಳಕಿನಲ್ಲಿ, ನಾಣ್ಯವನ್ನು ಅಂಚಿನಲ್ಲಿ ಹಿಡಿದು ತೆಗೆಯಿರಿ. ಅಕ್ಷರಗಳ ನಡುವೆ ಅಜ್ಜಿಯ ಕಾಲದ ಕುಂಕುಮ ಅಂಟಿದ್ದರೆ ಹಾಗೆಯೇ ಇರಲಿ. ಅದನ್ನು ತೆಗೆಯಬೇಕೇ, ತೆಗೆಯುವುದಾದರೆ ಹೇಗೆ ಎಂಬುದನ್ನು ನಾಣ್ಯ ಕೈಗೆ ಬಂದ ಮೇಲೆ ತೀರ್ಮಾನಿಸಬಹುದು.