ಎಂಜಲು ನುಂಗಿ ಎಂದ ವೈದ್ಯೆ

ಈ ಸೋಮವಾರದಿಂದ ನಾನು ಎದ್ದ ಕೂಡಲೇ ಖಾಲಿ ಹೊಟ್ಟೆಯಲ್ಲಿ 50 ಮೈಕ್ರೋಗ್ರಾಂನ ಥೈರಾಯ್ಡ್ ಮಾತ್ರೆಯೊಂದನ್ನು ನುಂಗಿ, ಕಾಫಿಗಾಗಿ ಒಂದು ಗಂಟೆ ಕಾಯುತ್ತಿದ್ದೇನೆ. ಕಾಫಿ ಕುಡಿದರೆ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲವಂತೆ. ಆ ಒಂದು ಗಂಟೆಯಲ್ಲಿ ಮನಸ್ಸು ಹೋಗಿ ನಿಲ್ಲುವುದು ಶಿವಮೊಗ್ಗದ ಆ ವೈದ್ಯೆಯ ಕೋಣೆಯಲ್ಲಿ. ಆಕೆ ನನ್ನ ಕಡತವನ್ನು ಬಿಡಿಸುವುದಕ್ಕೂ ಮೊದಲು ಕುರ್ಚಿಯ ಹಿಂದೆ ಬಂದು ನಿಂತು, ಎರಡೂ ಕೈಗಳ ಬೆರಳುಗಳನ್ನು ನನ್ನ ಕುತ್ತಿಗೆಯ ಮೇಲಿಟ್ಟು, "ಎಂಜಲು ನುಂಗಿ" ಎಂದರು. ನುಂಗಿದೆ. "ಇನ್ನೊಮ್ಮೆ" ಎಂದರು. ಆಮೇಲೆ, "ಇಲ್ಲಿ ಯಾರೂ ಮುಟ್ಟಿ ನೋಡಲೇ ಇಲ್ವೇನಮ್ಮ?" ಎಂದು ಕೇಳಿದರು.

ಇಲ್ಲ, ಯಾರೂ ಮುಟ್ಟಿರಲಿಲ್ಲ. ವರ್ಷಗಳಿಂದ ತೋರಿಸುತ್ತಿದ್ದ ನಮ್ಮೂರಿನ ವೈದ್ಯರು ಹಿಮೋಗ್ಲೋಬಿನ್ ಒಂದನ್ನೇ ನೋಡಿ ಕಬ್ಬಿಣಾಂಶದ ಮಾತ್ರೆ ಬರೆದರು, ಮಂಡಿನೋವು ಎಂದಾಗ ಕ್ಯಾಲ್ಸಿಯಂ ಸೇರಿಸಿದರು, ಕೂದಲು ಉದುರುತ್ತಿದೆ, ದನಿ ಒಡೆದಿದೆ, ಬೇಸಿಗೆಯಲ್ಲೂ ಕಂಬಳಿ ಬೇಕೆನಿಸುತ್ತದೆ ಎಂದಾಗ ನಗುತ್ತಾ, "ವಯಸ್ಸಾಗ್ತಾ ಬಂತು, ಸ್ವಲ್ಪ ವಾಕಿಂಗ್ ಮಾಡಿ" ಎಂದರು. ಕೆಟ್ಟವರಲ್ಲ, ದುಡ್ಡಿನ ಆಸೆಯವರಂತೂ ಅಲ್ಲವೇ ಅಲ್ಲ. ಆದರೆ ಹೆಂಗಸರು ದಣಿವೆಂದರೆ ಅದನ್ನು ರೋಗದ ಲಕ್ಷಣವೆಂದಲ್ಲ, ಸ್ವಭಾವವೆಂದು ಬರೆದುಕೊಳ್ಳುವ ಜಾತಿಯವರು. ಈಗ ತಮಾಷೆಯೆಂದರೆ, ಅವರು ಕೊಟ್ಟ ಆ ಕಬ್ಬಿಣಾಂಶವನ್ನೂ ಕ್ಯಾಲ್ಸಿಯಂ ಅನ್ನೂ ಹೊಸ ಮಾತ್ರೆಗಿಂತ ನಾಲ್ಕು ಗಂಟೆ ದೂರವಿಡಬೇಕು. ಇಲ್ಲವಾದರೆ ಇದರ ಕೆಲಸಕ್ಕೆ ಅವೇ ಅಡ್ಡಿ.

ರಕ್ತಪರೀಕ್ಷೆಯ ಹಾಳೆಯಲ್ಲಿ, ಸಾಮಾನ್ಯವಾಗಿ 4ರ ಆಸುಪಾಸನ್ನು ದಾಟಬಾರದ ಟಿಎಸ್‌ಎಚ್ ಎಂಬ ಹಾರ್ಮೋನು ನನಗೆ 38 ಇತ್ತು. ಕುತ್ತಿಗೆಯ ಥೈರಾಯ್ಡ್ ಗ್ರಂಥಿ ಸೋತಷ್ಟೂ, ಮೆದುಳಿನ ಬುಡದ ಪಿಟ್ಯುಟರಿಯು ಏಳದ ಮಗುವನ್ನು ತಾಯಿ ಕೂಗುವಂತೆ ದನಿ ಏರಿಸುತ್ತಾ ಹೋಗುತ್ತದೆ. ಆ ಕೂಗಿನ ಅಳತೆಯೇ ಈ ಸಂಖ್ಯೆ ಎಂದು ವೈದ್ಯೆ ವಿವರಿಸಿದರು. ದೇಹದ ರಕ್ಷಣೆಗಿರುವ ವ್ಯವಸ್ಥೆಯೇ ಗ್ರಂಥಿಯ ಮೇಲೆ ಬೀಳುವ ಈ ಕಾಯಿಲೆಯನ್ನು ಜಪಾನಿನ ಹಕಾರು ಹಶಿಮೊಟೊ 1912ರಲ್ಲೇ ವಿವರಿಸಿದ್ದಾರೆ. ನಮ್ಮ ಮಲೆನಾಡಿನ ಹಿಂದಿನವರಿಗೆ ಅಯೋಡಿನ್ ಕೊರತೆಯಿಂದ ಬರುತ್ತಿದ್ದ ಗಳಗಂಡ ಬೇರೆ, ಇದು ಬೇರೆ. ಉಪ್ಪು ಬದಲಾಯಿಸಿದರೆ ಹೋಗುವಂಥದ್ದಲ್ಲ. ಆದರೂ ಅವರ ಮೇಲೆ ನನಗೊಂದು ವಿಚಿತ್ರ ಅಸೂಯೆ ಹುಟ್ಟಿತು. ಅವರ ಊತ ಎದುರಿಗೆ ಬಂದವರ ಕಣ್ಣಿಗೆ ಬೀಳುತ್ತಿತ್ತು, ಯಾರಿಗೂ ಪುರಾವೆ ಒದಗಿಸಬೇಕಾಗಿರಲಿಲ್ಲ.

ಪುರಾವೆಯ ಮಹಿಮೆಯನ್ನು ಈ ವಾರ ಮನೆಯಲ್ಲೇ ಕಂಡೆ. "ಮನೇಲೇ ಇರ್ತೀರಿ, ದಪ್ಪ ಆಗದೆ ಇನ್ನೇನು ಅತ್ತಿಗೆ" ಎನ್ನುತ್ತಿದ್ದ ನಾದಿನಿ ಫೋನಿನಲ್ಲಿ 38 ಎಂಬ ಅಂಕಿಯನ್ನು ಕೇಳಿದ್ದೇ, "ಅಯ್ಯೋ, ಹೇಳ್ಬಾರ್ದಾ?" ಎಂದಳು. ಹೇಳಿದ್ದೆ. ಹಬ್ಬದ ಅಡುಗೆಯ ನಡುವೆ ಕೈಕಾಲು ಬಿದ್ದುಹೋಗುತ್ತಿವೆ ಎಂದು ಅವಳೆದುರೇ ಹೇಳಿ ಕುಳಿತಿದ್ದೆ. ಅಂದು ಬಾಯಲ್ಲಿ ಬಂದಾಗ ಸೋಮಾರಿತನವಾಗಿದ್ದದ್ದು ಹಾಳೆಯಲ್ಲಿ ಅಚ್ಚಾಗಿ ಬಂದಾಗ ಕಾಯಿಲೆಯಾಯಿತು. ಅತ್ತೆಯವರು ಮಾತ್ರ ಏನೂ ಅನ್ನದೆ ನನ್ನ ಕಾಫಿಯ ಡಿಕಾಕ್ಷನ್ನನ್ನು ತಡವಾಗಿ ಹಾಕತೊಡಗಿದ್ದಾರೆ. ಈ ಮನೆಯಲ್ಲಿ ನನಗೆ ಅರ್ಥವಾಗುವ ಸಹಾನುಭೂತಿ ಅದೊಂದೇ.

ಮಾತ್ರೆಯಿಂದ ಇನ್ನೂ ಏನೂ ಅನ್ನಿಸಿಲ್ಲ. ರಕ್ತದಲ್ಲಿ ಅದು ನೆಲೆಯಾಗಲು ವಾರಗಳು ಬೇಕು, ಆರರಿಂದ ಎಂಟು ವಾರದ ಮೇಲೆ ಮತ್ತೆ ಪರೀಕ್ಷೆ. ಅಷ್ಟರೊಳಗೆ ನಮ್ಮೂರಿನ ವೈದ್ಯರಿಗೆ ಈ ಹಾಳೆಯನ್ನು ತೋರಿಸಿ ಬರುತ್ತೇನೆಂದರೆ ನಮ್ಮವರು, "ಈಗ ಗೊತ್ತಾಯ್ತಲ್ಲ, ಬಿಡು, ಯಾಕೆ ನಿಷ್ಠುರ" ಎನ್ನುತ್ತಾರೆ. ಜಗಳಕ್ಕಲ್ಲ. ಅವರ ಕುರ್ಚಿಯೆದುರು ಸುಸ್ತೆಂದು ಬಂದು ಕೂರುವ ಮುಂದಿನವಳಿಗೆ ಅವರು ಕನಿಷ್ಠ ಎಂಜಲು ನುಂಗಲು ಹೇಳಲಿ ಎಂದಷ್ಟೇ. ಜೆರಾಕ್ಸ್ ಮಾಡಿಸಿ ಇಟ್ಟುಕೊಂಡಿದ್ದೇನೆ.