ನಂದಿ ಮರದ ಮಂಗಟ್ಟೆ

ಕೊಡಗಿನಲ್ಲಿ ಹಕ್ಕಿ ನೋಡಬೇಕು ಅಂದರೆ ಎಲ್ಲರೂ ನಾಗರಹೊಳೆಗೋ ದುಬಾರೆಗೋ ಹೋಗಿ ಅನ್ನುತ್ತಾರೆ. ಖಂಡಿತ ಹೋಗಬೇಕು. ಆದರೆ ನಾನು ಮಂಗಟ್ಟೆಯ, ಅಂದರೆ ಹಾರ್ನ್‌ಬಿಲ್ ಹಕ್ಕಿಯ, ಸಂಸಾರವನ್ನು ಕಣ್ಣಾರೆ ಕಂಡದ್ದು ದುಬಾರೆ ಕಾಡಿನಿಂದ ಈಚೆಗೆ, ನಂಜರಾಯಪಟ್ಟಣದ ಹತ್ತಿರ ಮಾವನ ರೊಬಸ್ಟಾ ಕಾಫಿ ತೋಟದಲ್ಲಿ.

ಮಾರ್ಚ್ ತಿಂಗಳು. ಸ್ಪ್ರಿಂಕ್ಲರ್ ನೀರಿಗೆ ಕಾಫಿ ಹೂ ಅರಳಿ ತೋಟವೆಲ್ಲ ಬೆಳ್ಳಗಾಗಿತ್ತು. ದಾರಿಯಲ್ಲಿ ಆನೆ ಲದ್ದಿ, ಅದರ ತುಂಬ ಕಾಫಿ ಬೀಜ. ಹಾಗಾಗಿ ಚೆನ್ನಾಗಿ ಬೆಳಕು ಹರಿದ ಮೇಲೇ ಹೊರಟೆವು.

ಗೂಡನ್ನು ಮೊದಲು ಕಂಡವರು ತೋಟದ ಕೆಲಸದವರು. ಹಳೇ ನಂದಿ ಮರ, ಮೇಲೆ ಒಂದು ಪೊಟರೆ. ಅದರ ಬಾಯಿ ಮುಚ್ಚಿ ಸಣ್ಣ ಸೀಳು ಮಾತ್ರ ಉಳಿದಿತ್ತು. ಹೆಣ್ಣು ಒಳಗೆ ಸೇರಿ, ತನ್ನ ಹಿಕ್ಕೆಯಿಂದಲೇ ಬಾಗಿಲು ಮುಚ್ಚಿಕೊಳ್ಳುತ್ತದೆ. ಅಲ್ಲೇ ರೆಕ್ಕೆಯ ಗರಿ ಉದುರಿಸಿಕೊಳ್ಳುವುದರಿಂದ ಹಾರುವ ಹಾಗೂ ಇಲ್ಲ. ಗಂಡು ತಂದರೆ ಊಟ.

"ಮಾವ, ಸ್ವಲ್ಪ ಹತ್ತಿರ ಹೋಗೋಣ್ವಾ?"

"ಬೇಡ ಮಗ. ನಮ್ಮನ್ನ ನೋಡಿದ್ರೆ ಅದು ಗೂಡಿಗೆ ಬರಲ್ಲ. ಒಳಗಿರೋದು ಉಪವಾಸ ಕೂರಬೇಕಾಗುತ್ತೆ."

ಕಾಫಿ ಗಿಡದ ಮರೆಯಲ್ಲಿ ಸುಮ್ನೆ ಕೂತೆವು. ಎಷ್ಟೋ ಹೊತ್ತಿಗೆ ಕೂಗು ಕೇಳಿಸಿತು, ಮರದ ಮೇಲೆ ಯಾರೋ ಗೊಗ್ಗರು ದನಿಯಲ್ಲಿ ನಕ್ಕಂತೆ. ಬೂದು ಮೈ, ಕಿತ್ತಳೆ ಬಣ್ಣದ ದೊಡ್ಡ ಕೊಕ್ಕು. ಪಕ್ಕದ ಕೊಂಬೆಯಲ್ಲಿ ಕೂತು ಸುತ್ತ ನೋಡಿತು. ಆಮೇಲೆ ಪೊಟರೆಗೆ ಹಾರಿ, ಗಂಟಲಿನಿಂದ ಬಸರಿ ಹಣ್ಣನ್ನು ಒಂದೊಂದಾಗಿ ಹೊರಗೆ ತೆಗೆದು ಸೀಳಿಗೆ ಕೊಡತೊಡಗಿತು. ಒಳಗಿನಿಂದ ಹೆಣ್ಣಿನ ಕೊಕ್ಕಿನ ತುದಿ ಬಂದು ಹಣ್ಣು ತೆಗೆದುಕೊಳ್ಳುತ್ತಿತ್ತು. ನನಗೆ ಗಂಟಲು ಕಟ್ಟಿತು. ಫೋಟೋ ತೆಗೆಯುವ ಮನಸ್ಸೇ ಆಗಲಿಲ್ಲ.

ಈ ಬೂದು ಮಂಗಟ್ಟೆ ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಅಷ್ಟು ದೊಡ್ಡ ಕೊಕ್ಕಿದ್ದರೂ ಮರಕುಟಿಗದ ಹಾಗೆ ಮರ ಕೊರೆಯಲು ಅದಕ್ಕೆ ಬರುವುದಿಲ್ಲ. ತಾನಾಗಿ ಪೊಟರೆ ಬಿದ್ದ ಹಳೇ ಮರವೇ ಬೇಕು. ಬಸರಿ, ಗೋಳಿ, ಅತ್ತಿ ಹಣ್ಣೂ ಬೇಕು. ನಮ್ಮ ತೋಟಗಳಲ್ಲಿ ಈಗ ಜಾಸ್ತಿ ಕಾಣುವುದು ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್. ಬೆಳೆಗಾರರ ಕಷ್ಟ ನನಗೆ ಗೊತ್ತು. ಅದು ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಬಹುದು, ಕಡಿದು ಮಾರುವುದೂ ಸುಲಭ. ಆದರೆ ಮಂಗಟ್ಟೆಗೆ ಅದರಲ್ಲಿ ಹಣ್ಣೂ ಇಲ್ಲ, ಮನೆಯೂ ಇಲ್ಲ ಅಲ್ವಾ? ಕಾಡು ಎಷ್ಟೇ ಹತ್ತಿರವಿದ್ದರೂ ತೋಟದ ನೆರಳು ಮರಗಳು ಹೋದರೆ ಈ ಹಕ್ಕಿಗೆ ಅಷ್ಟು ಜಾಗ ಕಡಿಮೆಯಾದ ಹಾಗೇ.

ಮಳೆಗಾಲಕ್ಕೆ ಮುಂಚೆ ಮರಗಸಿ, ಅಂದರೆ ನೆರಳು ಮರಗಳ ಕೊಂಬೆ ಕಡಿಯುವ ಕೆಲಸ, ಮುಗಿಯಬೇಕು. ನಂದಿ ಮರದ ಸುತ್ತ ಎಲ್ಲಕ್ಕಿಂತ ಕೊನೆಗೆ, ಮರಿ ಹೊರಗೆ ಬಂದ ಮೇಲೆ ಮಾಡಿ ಎಂದು ಮಾವ ಆಳುಗಳಿಗೆ ಹೇಳಿಟ್ಟಿದ್ದಾರೆ. ಬಸರಿ ಮರದ ಕೊಂಬೆಯನ್ನಂತೂ ಮುಟ್ಟಲೇಬಾರದಂತೆ.